ಫೌಸ್ಟಸ್‌ನ ಕೋಡಂಗಿ ದೃಶ್ಯಗಳನ್ನು ಕತ್ತರಿಸಬೇಕೆ, ಉಳಿಸಿಕೊಳ್ಳಬೇಕೆ?

ಮಡಿಕೇರಿ ರಂಗಾಸಕ್ತ:
ಎಲ್ಲರಿಗೂ ನಮಸ್ಕಾರ. ನಮ್ಮ ಹವ್ಯಾಸಿ ತಂಡವು ಈ ಸಲ ಇಂಗ್ಲಿಷ್ ನಾಟಕಕಾರ ಕ್ರಿಸ್ಟಫರ್ ಮಾರ್ಲೋನ ‘ಡಾಕ್ಟರ್ ಫೌಸ್ಟಸ್’ ನಾಟಕವನ್ನು ಕನ್ನಡದಲ್ಲಿ ಆಡಲು ಹೊರಟಿದೆ. ಮಳೆಗಾಲದಲ್ಲಿ ತಾಲೀಮು ಮುಗಿಸಿ, ಕಾಫಿ ಕೊಯ್ಲು ಆರಂಭವಾಗುವ ಮುನ್ನ ಪ್ರದರ್ಶನ ಕೊಟ್ಟುಬಿಡಬೇಕೆಂಬುದು ನಮ್ಮ ಲೆಕ್ಕಾಚಾರ. ಕೊಯ್ಲು ಶುರುವಾಯಿತೆಂದರೆ ಅರ್ಧದಷ್ಟು ನಟರು ತೋಟದಲ್ಲಿರುತ್ತಾರೆ, ಪ್ರೇಕ್ಷಕರು ಕಣದಲ್ಲಿರುತ್ತಾರೆ.

ತೊಡಕು ಎದುರಾಗಿರುವುದು ನಾಟಕದ ನಡುಭಾಗದಲ್ಲಿ. ಆರಂಭದಲ್ಲಿ ಫೌಸ್ಟಸ್ ವಿಟೆನ್‌ಬರ್ಗ್‌ನ ಮಹಾಪಂಡಿತ. ಇಡೀ ಜರ್ಮನಿಗೆ ಹಿತ್ತಾಳೆಯ ಕೋಟೆ ಕಟ್ಟಿಸುತ್ತೇನೆ, ರೈನ್ ನದಿಯನ್ನು ತಿರುಗಿಸಿ ವಿಟೆನ್‌ಬರ್ಗ್‌ನ ಸುತ್ತ ಹರಿಸುತ್ತೇನೆ, ವಿದ್ಯಾರ್ಥಿಗಳಿಗೆಲ್ಲ ರೇಷ್ಮೆ ತೊಡಿಸುತ್ತೇನೆ ಎಂದು ಕನಸು ಕಾಣುವ ಈತ 24 ವರ್ಷಗಳ ಭೋಗಕ್ಕಾಗಿ ತನ್ನ ರಕ್ತದಲ್ಲೇ ಆತ್ಮವನ್ನು ಸೈತಾನನಿಗೆ ಬರೆದುಕೊಡುತ್ತಾನೆ. ಆಮೇಲೆ ಮಾಡುವುದೇನು? ಯಾರ ಕಣ್ಣಿಗೂ ಕಾಣಿಸದೆ ಪೋಪರ ಔತಣಕ್ಕೆ ನುಗ್ಗಿ ತಟ್ಟೆ ಕಸಿಯುತ್ತಾನೆ, ಅವರ ಕಪಾಳಕ್ಕೆ ಬಾರಿಸುತ್ತಾನೆ. ಚಕ್ರವರ್ತಿಯ ಆಸ್ಥಾನದಲ್ಲಿ ತನ್ನನ್ನು ಹಂಗಿಸಿದ ಸರದಾರನ ತಲೆಗೆ ಕೊಂಬು ಮೂಡಿಸುತ್ತಾನೆ. ಕುದುರೆ ವ್ಯಾಪಾರಿಯೊಬ್ಬನಿಗೆ ಮಾಯದ ಕುದುರೆಯನ್ನು 40 ಡಾಲರಿಗೆ ಮಾರಿ, ಅದು ನೀರಿಗಿಳಿದೊಡನೆ ಹುಲ್ಲಿನ ಕಟ್ಟಾದದ್ದಕ್ಕೆ ನಗುತ್ತಾನೆ.

ಇವೆಲ್ಲ ಇಲ್ಲದಿದ್ದರೆ ನಾಟಕ ಗಂಭೀರವಾಗಿ, ಬಿಗಿಯಾಗಿ ಸಾಗುತ್ತದೆ ಎಂದು ತಂಡದ ಅರ್ಧ ಜನರ ವಾದ. ನನಗೆ ಮನಸ್ಸು ಒಪ್ಪುತ್ತಿಲ್ಲ, ಆದರೆ ಏಕೆಂದು ಸ್ಪಷ್ಟವಾಗಿ ಹೇಳಲೂ ಬರುತ್ತಿಲ್ಲ. ಬಲ್ಲವರು ಹೇಳಬೇಕು.

ಸೋಮವಾರಪೇಟೆ ತೋಟಗಾರ:
ಕತ್ತರಿಸಿ ಎಸೆಯಿರಿ, ಇದರಲ್ಲಿ ಯೋಚಿಸುವುದೇನಿದೆ? ಆ ಭಾಗಗಳು ಮಾರ್ಲೋನವೇ ಅಲ್ಲ. ಅವನು 1593ರಲ್ಲಿ ಡೆಟ್‌ಫರ್ಡ್‌ನಲ್ಲಿ ಇರಿತಕ್ಕೆ ಸಿಕ್ಕಿ ಸತ್ತ. 1602ರಲ್ಲಿ ನಾಟಕಶಾಲೆಯ ಮಾಲೀಕ ಫಿಲಿಪ್ ಹೆನ್ಸ್ಲೋ ಈ ನಾಟಕಕ್ಕೆ ಹೊಸ ಭಾಗಗಳನ್ನು ಬರೆದು ಸೇರಿಸಲು ಇಬ್ಬರಿಗೆ 4 ಪೌಂಡ್ ಕೊಟ್ಟಿದ್ದನ್ನು ತನ್ನ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟಿದ್ದಾನೆ. ಕೂಲಿ ಬರಹಗಾರರು ನೆಲದ ಮೇಲೆ ನಿಂತು ನೋಡುವ ಜನರನ್ನು ನಗಿಸಲು ತುರುಕಿದ ಸರಕನ್ನು ನಾವು ನಾನೂರು ವರ್ಷಗಳ ಬಳಿಕ ಹೊತ್ತು ತಿರುಗಬೇಕಾದ ಅಗತ್ಯವಿಲ್ಲ.

ಪೊನ್ನಂಪೇಟೆ ಓದುಗಿ:
ತೋಟಗಾರರೇ, ನೀವು ಕೊಟ್ಟ ಇಸವಿಗಳು ಸರಿ, ತೀರ್ಮಾನ ಸರಿಯಲ್ಲ. ಈ ನಾಟಕಕ್ಕೆ ಎರಡು ಪಠ್ಯಗಳಿವೆ. 1604ರಲ್ಲಿ ಅಚ್ಚಾದದ್ದು ಚಿಕ್ಕದು. 1616ರಲ್ಲಿ ಅಚ್ಚಾದದ್ದರಲ್ಲಿ ಆರುನೂರಕ್ಕೂ ಹೆಚ್ಚು ಸಾಲುಗಳು ಹೊಸದಾಗಿ ಸೇರಿವೆ. ಕೊಂಬು ಮೂಡಿದ ಸರದಾರನಿಗೆ ಬೆನ್ವೋಲಿಯೋ ಎಂಬ ಹೆಸರು ಬಂದದ್ದು, ಅವನು ಸೇಡು ತೀರಿಸಿಕೊಳ್ಳಲು ಬಂದು ಫೌಸ್ಟಸ್‌ನ ಸುಳ್ಳು ತಲೆಯನ್ನು ಕತ್ತರಿಸುವುದು, ಪೋಪರ ಎದುರಾಳಿಯೊಬ್ಬನನ್ನು ಸೆರೆಯಿಂದ ಬಿಡಿಸುವ ಉದ್ದನೆಯ ಪ್ರಸಂಗ, ಇವೆಲ್ಲ ಎರಡನೆಯದರಲ್ಲಿ ಮಾತ್ರ ಇವೆ. 4 ಪೌಂಡಿನ ಕೆಲಸ ಇದೇ ಇರಬೇಕೆಂದು ಹಲವು ವಿದ್ವಾಂಸರು ಭಾವಿಸುತ್ತಾರೆ.

ಆದರೆ ಪೋಪರ ಕಪಾಳಕ್ಕೆ ಬಿದ್ದ ಪೆಟ್ಟು, ಸರದಾರನ ಕೊಂಬು, ಹುಲ್ಲಿನ ಕುದುರೆ, ಗರ್ಭಿಣಿ ಡಚೆಸ್‌ಗೆ ತರಿಸಿಕೊಟ್ಟ ಚಳಿಗಾಲದ ದ್ರಾಕ್ಷಿ ಈ ನಾಲ್ಕೂ 1604ರ ಪಠ್ಯದಲ್ಲಿಯೇ ಇವೆ. ಅಷ್ಟೇ ಅಲ್ಲ, 1587ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಅಚ್ಚಾದ ಜರ್ಮನ್ ಜನಪ್ರಿಯ ಕಥೆಯಲ್ಲಿಯೇ ಫೌಸ್ಟಸ್ ಇಂತಹ ಕಿಡಿಗೇಡಿ. ನಾಟಕಕ್ಕೆ ಆಧಾರವಾದದ್ದು ಆ ಕಥೆಯ ಇಂಗ್ಲಿಷ್ ಅನುವಾದ. ಹಾಸ್ಯದೃಶ್ಯಗಳನ್ನು ಬರೆಯುವಾಗ ಮಾರ್ಲೋನೊಂದಿಗೆ ಇನ್ನೊಬ್ಬರ ಕೈಯಿತ್ತೆಂಬ ವಾದವಿದೆ, ಇರಲಿ. ಬರೆದ ಕೈ ಯಾವುದಾದರೂ ಕಥೆಯ ಹಂದರದಲ್ಲಿ ಈ ದೃಶ್ಯಗಳಿಗೆ ಮೊದಲಿನಿಂದಲೂ ಜಾಗವಿತ್ತು ಎಂಬುದು ಬದಲಾಗುವುದಿಲ್ಲ.

ಸುಂಟಿಕೊಪ್ಪದವ:
ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಾಟಕ ಇಷ್ಟೇ, ಚರ್ಚೆ ಮುಗಿಸಿ.

ವಿರಾಜಪೇಟೆ ಮೇಷ್ಟ್ರು:
ಸುಂಟಿಕೊಪ್ಪದವರೇ, ಗಾದೆ ಚೆನ್ನಾಗಿದೆ, ಆದರೆ ಫೌಸ್ಟಸ್ ಅಲ್ಪನಲ್ಲ. ಅಲ್ಪನಾಗಿದ್ದರೆ ಅವನ ಕೊಡೆಯನ್ನು ಕಂಡು ನಕ್ಕು ಮನೆಗೆ ಹೋಗಬಹುದಿತ್ತು. ತರ್ಕ, ವೈದ್ಯ, ನ್ಯಾಯ, ದೇವತಾಶಾಸ್ತ್ರ ಇಷ್ಟನ್ನೂ ಅರೆದು ಕುಡಿದವನು ಅವನು. ಅವನ ಔಷಧಿಯ ಚೀಟಿಗಳಿಂದ ಊರಿಗೆ ಊರೇ ಪ್ಲೇಗಿನಿಂದ ಪಾರಾಗಿದೆ ಎಂದು ಅವನೇ ಹೇಳಿಕೊಳ್ಳುತ್ತಾನೆ, ಯಾರೂ ಅಲ್ಲಗಳೆಯುವುದಿಲ್ಲ.

ಅಂತಹವನು ಮೂರ್ಖನಾಗುವುದು ಎಲ್ಲಿಂದ ಆರಂಭವಾಗುತ್ತದೆ ಎಂಬುದನ್ನು ಮೊದಲ ದೃಶ್ಯದಲ್ಲಿಯೇ ನೋಡಬೇಕು. ಕೊನೆಗೆ ಬೈಬಲನ್ನು ಕೈಗೆತ್ತಿಕೊಂಡು, ಪಾಪದ ಸಂಬಳ ಮರಣ ಎಂದು ಓದುತ್ತಾನೆ. ನಮ್ಮಲ್ಲಿ ಪಾಪವಿಲ್ಲ ಎಂದರೆ ನಮ್ಮನ್ನು ನಾವೇ ವಂಚಿಸಿಕೊಂಡಂತೆ ಎಂಬ ಇನ್ನೊಂದು ಮಾತನ್ನು ಓದುತ್ತಾನೆ. ಹಾಗಾದರೆ ಪಾಪ ಮಾಡುವುದೂ ಸಾಯುವುದೂ ತಪ್ಪಿದ್ದಲ್ಲ, ಆದದ್ದಾಗಲಿ ಎಂದು ಪುಸ್ತಕವನ್ನು ಮುಚ್ಚಿಬಿಡುತ್ತಾನೆ. ಮೊದಲನೆಯ ಮಾತು ರೋಮಾಪುರದವರಿಗೆ ಬರೆದ ಪತ್ರದ ಆರನೆಯ ಅಧ್ಯಾಯದ ಕೊನೆಯ ವಾಕ್ಯ. ಅದೇ ವಾಕ್ಯದ ಉತ್ತರಾರ್ಧದಲ್ಲಿ ದೇವರ ಕೃಪೆಯಿಂದ ನಿತ್ಯಜೀವ ದೊರೆಯುತ್ತದೆಯೆಂದಿದೆ. ಎರಡನೆಯ ಮಾತು ಯೋಹಾನನ ಮೊದಲ ಪತ್ರದ್ದು. ಅದರ ಮರುವಾಕ್ಯದಲ್ಲಿಯೇ ಪಾಪವನ್ನು ಒಪ್ಪಿಕೊಂಡವರಿಗೆ ಕ್ಷಮೆಯುಂಟು ಎಂದಿದೆ. ವಿಟೆನ್‌ಬರ್ಗ್‌ನಲ್ಲಿ ದೇವತಾಶಾಸ್ತ್ರದ ಡಾಕ್ಟರ್ ಪದವಿ ಪಡೆದವನು ಎರಡು ಕಡೆಯೂ ಅರ್ಧಕ್ಕೆ ಓದು ನಿಲ್ಲಿಸುತ್ತಾನೆ. ಅಂದಿನ ಪ್ರೇಕ್ಷಕರಿಗೆ ಈ ವಾಕ್ಯಗಳು ಬಾಯಿಪಾಠವಾಗಿದ್ದವು, ಆದ್ದರಿಂದ ನಾಯಕನ ಮೂರ್ಖತನ ಅವರಿಗೆ ಆ ಕ್ಷಣದಲ್ಲಿಯೇ ಕಾಣಿಸಿರುತ್ತದೆ. ಕುದುರೆ ವ್ಯಾಪಾರಿ ಬರುವುದು ಬಹಳ ತಡವಾಗಿ.

ಸೋಮವಾರಪೇಟೆ ತೋಟಗಾರ:
ಮೇಷ್ಟ್ರೇ, ನಿಮ್ಮ ವಾದವನ್ನೇ ಹಿಡಿದು ಹೇಳುತ್ತೇನೆ. ಮೊದಲ ದೃಶ್ಯದಲ್ಲಿಯೇ ಮೂರ್ಖನಾದರೆ ಅವನು ಬೀಳುವುದು ಎಲ್ಲಿಂದ? ಎತ್ತರದಲ್ಲಿ ಇಲ್ಲದವನಿಗೆ ಪತನವೂ ಇಲ್ಲ, ಪತನವಿಲ್ಲದಿದ್ದರೆ ಅದನ್ನು ದುರಂತ ನಾಟಕವೆಂದು ಕರೆಯುವುದೂ ಸಲ್ಲ.

ಕುಶಾಲನಗರದ ವಕೀಲ:
ನ್ಯಾಯಶಾಸ್ತ್ರವನ್ನು ಹಣಕ್ಕೆ ದುಡಿಯುವ ಜೀತದಾಳುಗಳ ಕೆಲಸವೆಂದು ಫೌಸ್ಟಸ್ ಹೀಯಾಳಿಸಿ ಬದಿಗೆಸೆಯುತ್ತಾನೆ. ಅದರ ಫಲವನ್ನು ಅವನು ಬರೆದುಕೊಟ್ಟ ಕರಾರಿನಲ್ಲಿಯೇ ನೋಡಬಹುದು.

ಐದು ಷರತ್ತುಗಳಿವೆ. ತಾನು ಭೂತರೂಪಿಯಾಗಬಲ್ಲವನಾಗಬೇಕು, ಮೆಫಿಸ್ಟೋಫಿಲಿಸ್ ಎಂಬ ದೆವ್ವ ತನ್ನ ಆಳಾಗಿರಬೇಕು, ಕೇಳಿದ್ದನ್ನು ಮಾಡಿ ಕೇಳಿದ್ದನ್ನು ತಂದುಕೊಡಬೇಕು, ಕೋಣೆಯಲ್ಲಿ ಅದೃಶ್ಯನಾಗಿರಬೇಕು, ತಾನು ಬಯಸಿದ ರೂಪದಲ್ಲಿ ಎದುರಿಗೆ ಬರಬೇಕು. ಇಷ್ಟಕ್ಕೆ ಪ್ರತಿಯಾಗಿ 24 ವರ್ಷ ತುಂಬಿದ ಮೇಲೆ ದೇಹ, ಆತ್ಮ, ರಕ್ತಮಾಂಸ, ಸೊತ್ತು ಎಲ್ಲವನ್ನೂ ಹೊತ್ತೊಯ್ಯಲು ಪೂರ್ಣ ಅಧಿಕಾರ. ಎದುರು ಪಕ್ಷದವರು ಷರತ್ತು ಮುರಿದರೆ ಏನಾಗಬೇಕೆಂಬ ಒಂದು ಸಾಲೂ ಇಲ್ಲ. ಷರತ್ತು ಮುರಿದದ್ದು ಯಾವಾಗ ಗೊತ್ತೇ? ಸಹಿಯ ಶಾಯಿ, ಅಂದರೆ ರಕ್ತ, ಒಣಗುವ ಮುನ್ನವೇ. ಹೆಂಡತಿ ಬೇಕೆಂದು ಮೆಫಿಸ್ಟೋಫಿಲಿಸ್‌ನನ್ನು ಕೇಳಿದರೆ ಹೆಣ್ಣಿನ ವೇಷ ತೊಟ್ಟು ಬಾಣಬಿರುಸು ಹಾರಿಸುವ ದೆವ್ವವೊಂದನ್ನು ಕರೆತರುತ್ತಾನೆ. ಈ ಲೋಕವನ್ನು ಸೃಷ್ಟಿಸಿದವರು ಯಾರು ಎಂದು ಕೇಳಿದರೆ, ಅದನ್ನು ಹೇಳಲಾರೆ ಎನ್ನುತ್ತಾನೆ. ನನ್ನ ಕಕ್ಷಿದಾರನಾಗಿದ್ದರೆ ಅಂದೇ ನೋಟಿಸ್ ಕಳಿಸುತ್ತಿದ್ದೆ. ಯಾವ ನ್ಯಾಯಾಲಯದಿಂದ ಎಂಬುದು ಬೇರೆ ಪ್ರಶ್ನೆ. ಫೌಸ್ಟಸ್ ಸುಮ್ಮನಿರುತ್ತಾನೆ. ದೆವ್ವಗಳ ಒಡೆಯ ಲೂಸಿಫರನೇ ಬಂದು ಏಳು ಮಹಾಪಾಪಗಳ ಮೆರವಣಿಗೆಯನ್ನು ತೋರಿಸಿದಾಗ, ಆಹಾ ನನ್ನ ಆತ್ಮಕ್ಕೆ ತೃಪ್ತಿಯಾಯಿತು ಎನ್ನುತ್ತಾನೆ. ಮಾರಿದ ಆತ್ಮದ ಬಗ್ಗೆ ಆಡುವ ಮಾತೇ ಇದು?

ನಾಪೋಕ್ಲು ಕಲಾಭಿಮಾನಿ:
ಆತ್ಮವನ್ನು ಅಡವಿಟ್ಟ ಕಥೆಗಾಗಿ ಜರ್ಮನಿಯವರೆಗೆ ಹೋಗಬೇಕೆ? ನಮ್ಮ ಹರದಾಸ ಅಪ್ಪಚ್ಚಕವಿಗಳು 1906ರಲ್ಲಿಯೇ ಕೊಡವ ಭಾಷೆಯಲ್ಲಿ ಯಯಾತಿಯ ಕಥೆಯನ್ನು ನಾಟಕವಾಗಿಸಿದ್ದಾರೆ. ಮಗನ ಯೌವನವನ್ನು ಸಾಲ ಪಡೆದು ಭೋಗಿಸಿದ ರಾಜನಿಗಿಂತ ದೊಡ್ಡ ಮೂರ್ಖನು ಬೇಕೆ? ನಿಮ್ಮ ತಂಡದವರು ಅದನ್ನು ಆಡಬಹುದಿತ್ತು. ಅದೂ ಅಲ್ಲದೆ, ನನಗೆ ನೆನಪಿರುವಂತೆ ಫೌಸ್ಟ್ ಕೊನೆಯಲ್ಲಿ ಉದ್ಧಾರವಾಗುತ್ತಾನೆ, ದೇವದೂತರು ಬಂದು ಕರೆದೊಯ್ಯುತ್ತಾರೆ. ಹಾಗಿರುವಾಗ ಇದು ದುರಂತ ಹೇಗಾಯಿತು?

ಪೊನ್ನಂಪೇಟೆ ಓದುಗಿ:
ಉದ್ಧಾರವಾಗುವವನು ಜರ್ಮನ್ ಕವಿ ಗಯಟೆಯ ಫೌಸ್ಟ್. ಆ ಕಾವ್ಯನಾಟಕದ ಮೊದಲ ಭಾಗ 1808ರಲ್ಲಿ, ಎರಡನೆಯ ಭಾಗ ಕವಿ ತೀರಿಕೊಂಡ 1832ರಲ್ಲಿ ಪ್ರಕಟವಾದವು. ಇಲ್ಲಿ ಚರ್ಚೆಯಾಗುತ್ತಿರುವುದು ಅದಕ್ಕಿಂತ ಎರಡು ಶತಮಾನ ಹಿಂದಿನ ಮಾರ್ಲೋನ ಫೌಸ್ಟಸ್. ಇವನನ್ನು ದೆವ್ವಗಳೇ ಎಳೆದೊಯ್ಯುತ್ತವೆ.

ಯಯಾತಿಯ ಹೋಲಿಕೆ ಉಪಯುಕ್ತವಾದದ್ದೇ, ಆದರೆ ಅದು ನೀವು ಹೇಳಿದ್ದಕ್ಕೆ ತಿರುಗುಮುರುಗಾಗಿ ಕೆಲಸ ಮಾಡುತ್ತದೆ. ಮಹಾಭಾರತದ ಯಯಾತಿ ಸಾವಿರ ವರ್ಷ ಭೋಗಿಸಿದ ಮೇಲೆ, ಭೋಗದಿಂದ ಆಸೆ ತಣಿಯುವುದಿಲ್ಲವೆಂದು ಅರಿತು ಪೂರುವಿಗೆ ಯೌವನವನ್ನು ಹಿಂದಿರುಗಿಸುತ್ತಾನೆ. ಅವನಿಗೆ ವಿವೇಕವಾದರೂ ದಕ್ಕಿತು. ಫೌಸ್ಟಸ್‌ನಿಗೆ ಅದೂ ದಕ್ಕಲಿಲ್ಲ. ಮುದುಕನೊಬ್ಬ ಬಂದು ಪಶ್ಚಾತ್ತಾಪಪಡು ಎಂದು ಕೈಮುಗಿದು ಬೇಡಿಕೊಂಡರೆ, ಅರೆಗಳಿಗೆ ತಡವರಿಸಿ, ಮೆಫಿಸ್ಟೋಫಿಲಿಸ್ ಗದರಿಸಿದೊಡನೆ ರಕ್ತದಲ್ಲಿ ಮತ್ತೊಮ್ಮೆ ಬರೆದುಕೊಡುತ್ತಾನೆ. ಮೇಲಿಂದ, ಆ ಮುದುಕನನ್ನು ಹಿಂಸಿಸು ಎಂದು ತಾನೇ ಆಜ್ಞೆ ಮಾಡುತ್ತಾನೆ.

ನಾಪೋಕ್ಲು ಕಲಾಭಿಮಾನಿ:
ಇರಬಹುದು. ಆದರೂ ಮುಂದಿನ ವರ್ಷ ಅಪ್ಪಚ್ಚಕವಿಗಳನ್ನು ಆಡಿ ಎಂಬ ನನ್ನ ಬೇಡಿಕೆಯನ್ನು ಹಿಂತೆಗೆದುಕೊಳ್ಳುವುದಿಲ್ಲ.

ಪೊನ್ನಂಪೇಟೆ ಓದುಗಿ:
ತೋಟಗಾರರು ಎತ್ತಿದ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ, ಆದ್ದರಿಂದ ನಾನೊಂದು ಪ್ರಯತ್ನ ಮಾಡುತ್ತೇನೆ. ಪತನವನ್ನು ಅಳೆಯಲು ನಾಟಕದೊಳಗೇ ಒಂದು ಅಳತೆಗೋಲಿದೆ, ಅದು ನಮ್ಮ ಭಾರತದ ಹೆಸರು. ಮೊದಲ ದೃಶ್ಯದಲ್ಲಿ ಫೌಸ್ಟಸ್, ಭೂತಗಳು ನನ್ನ ವಶವಾದರೆ ಚಿನ್ನಕ್ಕಾಗಿ ಅವನ್ನು ಭಾರತಕ್ಕೆ ಹಾರಿಸುತ್ತೇನೆ, ಮುತ್ತಿಗಾಗಿ ಸಮುದ್ರವನ್ನೇ ಜಾಲಾಡಿಸುತ್ತೇನೆ ಎನ್ನುತ್ತಾನೆ. ಎಷ್ಟೋ ವರ್ಷಗಳ ಬಳಿಕ, ವ್ಯಾನ್‌ಹೋಲ್ಟ್ ಡ್ಯೂಕನ ಅರಮನೆಯಲ್ಲಿ ಗರ್ಭಿಣಿ ಡಚೆಸ್‌ಗೆ ಬಯಕೆಯೇನೆಂದು ಕೇಳಿದಾಗ, ಈ ಜನವರಿಯ ಚಳಿಯಲ್ಲಿ ಮಾಗಿದ ದ್ರಾಕ್ಷಿ ಸಿಗಬಹುದೇ ಎನ್ನುತ್ತಾಳೆ. ಮೆಫಿಸ್ಟೋಫಿಲಿಸ್ ಹೋಗಿ ಕ್ಷಣದಲ್ಲಿ ತರುತ್ತಾನೆ. ಎಲ್ಲಿಂದ ಬಂತೆಂದು ಡ್ಯೂಕ್ ಬೆರಗಾದರೆ, ನಮ್ಮಲ್ಲಿ ಚಳಿಗಾಲವಿರುವಾಗ ಭೂಮಿಯ ಇನ್ನೊಂದು ವೃತ್ತದಲ್ಲಿ ಬೇಸಿಗೆ ಇರುತ್ತದೆ, ಭಾರತ, ಶೇಬಾ ಮುಂತಾದ ಪೂರ್ವದೇಶಗಳಲ್ಲಿ ಹಾಗೆಯೇ ಎಂದು ಫೌಸ್ಟಸ್ ಪಾಠ ಹೇಳುತ್ತಾನೆ. ಅವನ ಭೂಗೋಳವೂ ತಪ್ಪು, ಜನವರಿಯಲ್ಲಿ ನಮ್ಮಲ್ಲಿ ಬೇಸಿಗೆ ಎಲ್ಲಿದೆ?

ಅದೇ ಭೂತ, ಅದೇ ದೇಶ, ಅದೇ ಹಾರಾಟ. ಚಿನ್ನಕ್ಕೆಂದು ಹೊರಟದ್ದು ಒಂದು ತಟ್ಟೆ ದ್ರಾಕ್ಷಿಗೆ ಬಂದು ನಿಂತಿದೆ, ಅದೂ ಉಳ್ಳವರ ಮನೆಯ ಬಯಕೆ ತೀರಿಸಲು. ದೃಶ್ಯದಲ್ಲಿ ಯಾರೂ ಅಳುವುದಿಲ್ಲ, ಎಲ್ಲರೂ ಸಂತೋಷವಾಗಿದ್ದಾರೆ, ಡಚೆಸ್ ಇಷ್ಟು ರುಚಿಯಾದ ದ್ರಾಕ್ಷಿಯನ್ನು ತಿಂದೇ ಇಲ್ಲವೆಂದು ಹೊಗಳುತ್ತಾಳೆ. ಅಷ್ಟಕ್ಕೇ ಫೌಸ್ಟಸ್ ಹಿಗ್ಗುತ್ತಾನೆ. ಈ ದೃಶ್ಯವನ್ನು ತೆಗೆದುಹಾಕಿದರೆ ಅವನು ಎಷ್ಟು ಕೆಳಗಿಳಿದಿದ್ದಾನೆಂಬುದು ಪ್ರೇಕ್ಷಕರಿಗೆ ತಿಳಿಯುವುದೇ ಇಲ್ಲ. ಕನಸು ಕಂಡ ವೀರನೊಬ್ಬ ಏಕಾಏಕಿ ಕೊನೆಯ ಗಂಟೆಯಲ್ಲಿ ಅಳುತ್ತಿರುವಂತೆ ಕಾಣುತ್ತದೆ.

ವಿರಾಜಪೇಟೆ ಮೇಷ್ಟ್ರು:
ತಂಗಿ, ಬಹಳ ಒಳ್ಳೆಯ ಜೋಡಣೆ. ತರಗತಿಯಲ್ಲಿ ಇಷ್ಟು ವರ್ಷ ಪಾಠ ಮಾಡಿದರೂ ಚಿನ್ನವನ್ನೂ ದ್ರಾಕ್ಷಿಯನ್ನೂ ಒಟ್ಟಿಗಿಟ್ಟು ಹೇಳಿದ ವಿದ್ಯಾರ್ಥಿಯನ್ನು ಕಂಡಿರಲಿಲ್ಲ. ಇದಕ್ಕೆ ಇನ್ನೊಂದು ಅಂಶವನ್ನು ಸೇರಿಸುತ್ತೇನೆ. ಫೌಸ್ಟಸ್ ಕ್ಷುಲ್ಲಕನಾದದ್ದು ಅಧಿಕಾರವನ್ನು ದುರ್ಬಳಕೆ ಮಾಡಿದ್ದರಿಂದ ಎಂದು ನಾವು ಮಾತನಾಡುತ್ತಿದ್ದೇವೆ, ಆದರೆ ಅವನಿಗೆ ಅಧಿಕಾರ ಸಿಕ್ಕಿದ್ದಾದರೂ ಯಾವಾಗ? ಮೊದಲ ಭೇಟಿಯಲ್ಲಿಯೇ, ನನ್ನ ಮಂತ್ರದ ಬಲಕ್ಕೆ ನೀನು ಬಂದೆಯಲ್ಲವೇ ಎಂದು ಅವನು ಬೀಗಿದಾಗ, ಮೆಫಿಸ್ಟೋಫಿಲಿಸ್ ಸುಳ್ಳು ಹೇಳುವುದಿಲ್ಲ. ಮಂತ್ರ ನೆಪಮಾತ್ರ, ದೇವರ ಹೆಸರನ್ನು ಯಾರಾದರೂ ಹಳಿದರೆ ಆ ಆತ್ಮವನ್ನು ಹಿಡಿಯುವ ಆಸೆಯಿಂದ ನಾವಾಗಿಯೇ ಹಾರಿಬರುತ್ತೇವೆ ಎನ್ನುತ್ತಾನೆ. ಲೂಸಿಫರನ ಅಪ್ಪಣೆಯಿಲ್ಲದೆ ನಿನ್ನ ಸೇವೆ ಮಾಡಲಾರೆ ಎಂದೂ ಹೇಳುತ್ತಾನೆ. ನರಕದಿಂದ ಹೊರಗೆ ಹೇಗೆ ಬಂದೆ ಎಂದರೆ, ನಾನಿರುವುದೇ ನರಕದಲ್ಲಿ, ಈ ಹುಡುಗಾಟದ ಪ್ರಶ್ನೆಗಳನ್ನು ನಿಲ್ಲಿಸು ಎಂದು ಬೇಡಿಕೊಳ್ಳುತ್ತಾನೆ. ಇಷ್ಟು ಕೇಳಿದ ಮೇಲೂ, ನನ್ನಿಂದ ಪೌರುಷ ಕಲಿತುಕೋ ಎಂದು ಆ ದೆವ್ವಕ್ಕೇ ಫೌಸ್ಟಸ್ ಉಪದೇಶ ಮಾಡುತ್ತಾನೆ.

ಕರಾರಿನ ನಂತರ ಗ್ರಹನಕ್ಷತ್ರಗಳ ವಿಷಯ ಕೇಳಿ ಉತ್ತರ ಪಡೆದಾಗ, ಇಷ್ಟನ್ನು ನನ್ನ ಆಳು ವ್ಯಾಗ್ನರ್ ಕೂಡ ಹೇಳಬಲ್ಲ ಎಂದು ಗೊಣಗುತ್ತಾನೆ. ಹೊಸ ಜ್ಞಾನ ಒಂದೂ ದೊರೆಯಲಿಲ್ಲ. ಬೆಟ್ಟ ಅಗೆದು ಇಲಿ ಹಿಡಿದವನು, ಹಿಡಿದದ್ದು ಇಲಿಯೆಂದು ಒಪ್ಪಿಕೊಳ್ಳಲಾರದೆ, ಅದನ್ನೇ ಕುಣಿಸಿ ನಾಲ್ಕು ಜನರ ಚಪ್ಪಾಳೆ ಗಿಟ್ಟಿಸುತ್ತಿದ್ದಾನೆ. ನಡುಭಾಗದ ಕೋಡಂಗಿತನ ಈ ಕಾರಣಕ್ಕೇ ಅನಿವಾರ್ಯ.

ಸೋಮವಾರಪೇಟೆ ತೋಟಗಾರ:
ಇದು ಅರ್ಥ ಹೇಳುವವರ ಜಾಣತನ. ಓದುವಾಗ ಹೊಳೆಯುವ ಅರ್ಥ, ಸಭಾಂಗಣದಲ್ಲಿ ಕಡಲೆಕಾಯಿ ತಿನ್ನುತ್ತಾ ಕುಳಿತವನಿಗೆ ಹೊಳೆಯಬೇಕಲ್ಲ. ಹೆಬ್ಬಂಡೆಯಂತಹ ಕೊನೆಯ ಸ್ವಗತಕ್ಕೆ ಮುನ್ನ ಅರ್ಧ ಗಂಟೆ ನಗಿಸಿದರೆ, ಅವನ ಕೊನೆಯ ತಾಸನ್ನು ಸಾರುವ ಹನ್ನೊಂದರ ಗಂಟೆ ಬಾರಿಸಿದಾಗಲೂ ಜನ ನಗುತ್ತಲೇ ಇರುತ್ತಾರೆ.

ಗೋಣಿಕೊಪ್ಪಲು ಹಿರಿಯ:
ತೋಟಗಾರರು ನಮ್ಮ ಜನರನ್ನು ಕಡಿಮೆ ಅಂದಾಜು ಮಾಡುತ್ತಿದ್ದಾರೆ. ತಿತಿಮತಿಯ ಬಳಿಯ ದೇವರಪುರದಲ್ಲಿ ಮೇ ತಿಂಗಳಲ್ಲಿ ನಡೆಯುವ ಕುಂಡೆ ಹಬ್ಬವನ್ನು ಅವರು ನೋಡಿರಲೇಬೇಕು. ವಿಚಿತ್ರ ವೇಷ ಹಾಕಿ, ಡಬ್ಬ ಬಡಿಯುತ್ತಾ, ದಾರಿಹೋಕರನ್ನೂ ದೇವರನ್ನೂ ಬಾಯಿಗೆ ಬಂದಂತೆ ಬೈದು ಕಾಸು ಕೇಳುವವರೇ ದೇವಸ್ಥಾನದ ಮುಂದೆ ಬಂದಾಗ ಹರಕೆ ಒಪ್ಪಿಸುತ್ತಾರೆ. ನಗುವಿನಿಂದ ಭಕ್ತಿಗೆ ದಾಟಲು ಅವರಿಗೆ ಪರದೆ ಇಳಿಸಿ ಬಿಡುವು ಕೊಡಬೇಕಾಗಿಲ್ಲ. ಅದನ್ನು ನೋಡಿ ಬೆಳೆದವರು ಹುಲ್ಲಿನ ಕುದುರೆಯನ್ನು ಕಂಡು ನಕ್ಕು, ಐದು ನಿಮಿಷದೊಳಗೆ ನರಕದ ಬಾಯಿಯನ್ನು ಕಂಡು ಬೆಚ್ಚಲಾರರೇ?

ಸುಂಟಿಕೊಪ್ಪದವ:
ಬೆಚ್ಚುವುದು ನಟನ ಮೇಲೆ ನಿಂತಿದೆ.

ಅಮ್ಮತ್ತಿ ನಿವಾಸಿ:
ನಾನು ಕಥೋಲಿಕಳು, ಆದ್ದರಿಂದ ಪೋಪರ ದೃಶ್ಯದ ಬಗ್ಗೆ ಮಾತ್ರ ಹೇಳುತ್ತೇನೆ. ಕೊಡಗಿನ ಅರಸ ದೊಡ್ಡ ವೀರರಾಜೇಂದ್ರನ ಕಾಲದಲ್ಲಿ, 1792ರಲ್ಲಿ, ನಮ್ಮವರು ವಿರಾಜಪೇಟೆಗೆ ಬಂದು ಸಂತ ಅನ್ನಮ್ಮನವರ ಚರ್ಚನ್ನು ಕಟ್ಟಿಕೊಂಡ ಕಾಲದಿಂದಲೂ ನೆರೆಹೊರೆಯವರೊಂದಿಗೆ ಚೆನ್ನಾಗಿಯೇ ಬದುಕಿದ್ದೇವೆ. ನಾಟಕವೊಂದರಿಂದ ಯಾರಿಗೂ ನೋವಾಗುತ್ತದೆಯೆಂದು ನಾನು ಭಾವಿಸುವುದಿಲ್ಲ. ಆದರೆ ಒಂದು ವಿಷಯವನ್ನು ನಿರ್ದೇಶಕರು ಯೋಚಿಸಬೇಕು. ಎಲಿಜಬೆತ್ ರಾಣಿಯ ಕಾಲದ ಇಂಗ್ಲೆಂಡ್ ರೋಮಿನೊಂದಿಗೆ ಸಂಬಂಧ ಕಡಿದುಕೊಂಡಿತ್ತು, ಪೋಪರಿಗೆ ಏಟು ಬಿದ್ದರೆ ಅಲ್ಲಿನ ಪ್ರೇಕ್ಷಕರು ಫೌಸ್ಟಸ್‌ನ ಪಕ್ಷ ವಹಿಸಿ ನಕ್ಕಿರುತ್ತಾರೆ. ನಮ್ಮ ಪ್ರೇಕ್ಷಕರಿಗೆ ಆ ಹಗೆ ಇಲ್ಲ. ಊಟಕ್ಕೆ ಕುಳಿತ ಹಿರಿಯರೊಬ್ಬರ ತಟ್ಟೆಯನ್ನು ಕಸಿದವನನ್ನು ಕಂಡರೆ ಇಲ್ಲಿ ಯಾರಿಗೂ ನಗು ಬಾರದು, ಅಸಹ್ಯವಾಗುತ್ತದೆ. ಅದು ನಿಮ್ಮ ನಾಟಕಕ್ಕೆ ಲಾಭವೇ. ಪೋಪರ ಪಾತ್ರಧಾರಿ ವಿದೂಷಕನಂತೆ ಆಡದೆ ನಿಜವಾದ ಗಾಂಭೀರ್ಯದಿಂದ ಕುಳಿತರೆ ಸಾಕು, ಕೋಡಂಗಿ ಯಾರೆಂಬುದು ತಾನಾಗಿಯೇ ತೋರುತ್ತದೆ.

ಮಡಿಕೇರಿ ರಂಗಾಸಕ್ತ:
ಅಕ್ಕ, ನೀವು ಹೇಳಿದ್ದನ್ನು ನಿನ್ನೆಯ ತಾಲೀಮಿನಲ್ಲಿಯೇ ಆಡಿ ನೋಡಿದೆವು. ಪೋಪರ ಪಾತ್ರಧಾರಿ ಏಟು ತಿಂದ ಮೇಲೂ ಕರವಸ್ತ್ರದಿಂದ ಬಾಯಿ ಒರೆಸಿಕೊಂಡು ಮತ್ತೆ ತಟ್ಟೆಗೆ ಕೈ ಹಾಕಿದರು. ಅಲ್ಲಿಯವರೆಗೆ ನಗುತ್ತಿದ್ದ ನಮ್ಮ ಹುಡುಗರು ತಟ್ಟನೆ ಸುಮ್ಮನಾದರು, ಫೌಸ್ಟಸ್ ಒಬ್ಬನೇ ನಗುತ್ತಾ ನಿಂತಿದ್ದ.

ಈಗ ಇನ್ನೊಂದು ಸಲಹೆ ಬೇಕು. ವ್ಯಾಗ್ನರ್ ಮತ್ತು ಹಳ್ಳಿಗನ ದೃಶ್ಯವಿದೆಯಲ್ಲ, ಈ ಬಡವ ಹಸಿದು ಹಸಿದು ಹೆಗಲಿನ ಒಂದು ತುಂಡು ಹಸಿ ಕುರಿಮಾಂಸಕ್ಕೂ ಆತ್ಮವನ್ನು ಮಾರಿಯಾನು ಎಂದು ವ್ಯಾಗ್ನರ್ ಹಂಗಿಸಿದರೆ, ಅಷ್ಟು ಬೆಲೆ ಕೊಡುವುದಾದರೆ ಚೆನ್ನಾಗಿ ಹುರಿದು ಒಳ್ಳೆಯ ಸಾರಿನೊಡನೆ ಕೊಡಬೇಕಪ್ಪಾ ಎಂದು ಹಳ್ಳಿಗ ಉತ್ತರಿಸುತ್ತಾನೆ. ಅದನ್ನು ನಮ್ಮ ಕೊಡಗಿನ ಹಂದಿಮಾಂಸದ ಪಂದಿಕರಿ ಮಾಡಿದರೆ ಹೇಗೆ?

ಕುಶಾಲನಗರದ ವಕೀಲ:
ಕಾಚಂಪುಳಿಯ ಹುಳಿ ಹಾಕಿದ ಪಂದಿಕರಿಯಾದರೆ ಕರಾರಿಗೆ ಸಾಕ್ಷಿ ಸಹಿ ನಾನೇ ಹಾಕುತ್ತೇನೆ. ತಮಾಷೆ ಬದಿಗಿರಲಿ, ಆ ಹಳ್ಳಿಗ ಫೌಸ್ಟಸ್‌ಗಿಂತ ಉತ್ತಮ ವ್ಯವಹಾರಸ್ಥ. ಕೊಡುವ ಮುನ್ನ ಮಾಲು ಹೇಗಿರಬೇಕೆಂದು ಹೇಳುತ್ತಾನೆ.

ವಿರಾಜಪೇಟೆ ಮೇಷ್ಟ್ರು:
ವಿಟೆನ್‌ಬರ್ಗ್‌ನಲ್ಲಿ ಪಂದಿಕರಿ ಬೇಡ, ಕುರಿಮಾಂಸವೇ ಇರಲಿ. ನಗು ಬರುವುದು ಮಾಂಸದ ಜಾತಿಯಿಂದಲ್ಲ, ಚೌಕಾಸಿಯಿಂದ. ಅದಕ್ಕಿಂತ ಮುಖ್ಯವಾಗಿ, ರಾಬಿನ್ ಎಂಬ ಕುದುರೆಲಾಯದ ಆಳು ಫೌಸ್ಟಸ್‌ನ ಮಂತ್ರದ ಪುಸ್ತಕವನ್ನು ಕದ್ದು, ಅರ್ಥವಾಗದ ಮಂತ್ರವನ್ನು ಗೊಣಗಿದಾಗ ಮೆಫಿಸ್ಟೋಫಿಲಿಸ್ ನಿಜವಾಗಿಯೇ ಬಂದುಬಿಡುತ್ತಾನೆ. ಕಾನ್‌ಸ್ಟಾಂಟಿನೋಪಲ್‌ನಿಂದ ಈ ನೀಚರ ತಮಾಷೆಗಾಗಿ ಬರಬೇಕಾಯಿತೇ ಎಂದು ರೇಗಿ, ಒಬ್ಬನನ್ನು ಕೋತಿಯನ್ನಾಗಿಯೂ ಇನ್ನೊಬ್ಬನನ್ನು ನಾಯಿಯನ್ನಾಗಿಯೂ ಮಾಡುತ್ತಾನೆ. ಮಹಾಪಂಡಿತನಿಗೂ ಲಾಯದ ಆಳಿಗೂ ಬಂದದ್ದು ಅದೇ ದೆವ್ವ. ಈ ದೃಶ್ಯವನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ.

ಪೊನ್ನಂಪೇಟೆ ಓದುಗಿ:
ಕುದುರೆ ವ್ಯಾಪಾರಿಯ ದೃಶ್ಯದ ಬಗ್ಗೆಯೂ ಒಂದು ಮಾತು. ವ್ಯಾಪಾರಿ ಹಣ ಕೊಟ್ಟು ಹೋದೊಡನೆ, ನಗುವ ಮೊದಲು, ಫೌಸ್ಟಸ್ ತನ್ನಷ್ಟಕ್ಕೆ ತಾನೇ, ನೀನು ಸಾಯಲೆಂದೇ ತೀರ್ಪು ಪಡೆದ ಮನುಷ್ಯನಲ್ಲದೆ ಇನ್ನೇನು ಎಂದುಕೊಳ್ಳುತ್ತಾನೆ. ಭಯವನ್ನು ನಿದ್ರೆಯಿಂದ ಮುಚ್ಚೋಣವೆಂದು ಕುರ್ಚಿಯಲ್ಲಿಯೇ ಮಲಗುತ್ತಾನೆ. ಮೈಯೆಲ್ಲ ಒದ್ದೆಯಾದ ವ್ಯಾಪಾರಿ ಅಳುತ್ತಾ ಬಂದು, ಎಬ್ಬಿಸಲು ಕಾಲು ಹಿಡಿದೆಳೆದರೆ ಕಾಲೇ ಕಿತ್ತುಬರುತ್ತದೆ. ಪ್ರೇಕ್ಷಕರು ಅಲ್ಲಿ ಬಿದ್ದು ಬಿದ್ದು ನಗುತ್ತಾರೆ, ನಗಲಿ. ಆದರೆ ಕೊನೆಯ ದೃಶ್ಯದಲ್ಲಿ, 1616ರ ಪಠ್ಯದ ಪ್ರಕಾರ, ಬೆಳಗ್ಗೆ ಬಂದ ಶಿಷ್ಯರಿಗೆ ಕಾಣುವುದು ಹರಿದುಬಿದ್ದ ಕೈಕಾಲುಗಳೇ. ಕಾಲು ಕಿತ್ತ ತಮಾಷೆಯನ್ನು ನೋಡಿರದ ಪ್ರೇಕ್ಷಕರಿಗೆ ಆ ಭೀಕರತೆ ಅರ್ಧ ಮಾತ್ರ ತಟ್ಟುತ್ತದೆ.

ಸೋಮವಾರಪೇಟೆ ತೋಟಗಾರ:
ಈ ಒಂದು ಮಾತನ್ನು ಒಪ್ಪುತ್ತೇನೆ. ಕುದುರೆ ವ್ಯಾಪಾರಿ ಇರಲಿ, ದ್ರಾಕ್ಷಿಯೂ ಇರಲಿ. ಬೆನ್ವೋಲಿಯೋನ ಸೇಡಿನ ದೃಶ್ಯಗಳನ್ನು ಮಾತ್ರ ತರಬೇಡಿ. ಅಲ್ಲಿ ಫೌಸ್ಟಸ್ ಮೂರ್ಖನೂ ಆಗುವುದಿಲ್ಲ, ದೊಡ್ಡವನೂ ಆಗುವುದಿಲ್ಲ, ಸುಮ್ಮನೆ ಗಲಾಟೆ.

ಮಡಿಕೇರಿ ರಂಗಾಸಕ್ತ:
ಹಾಗಾದರೆ 1604ರ ಪಠ್ಯವನ್ನೇ ಹಿಡಿದು, ಕೊನೆಯ ಶಿಷ್ಯರ ದೃಶ್ಯವನ್ನಷ್ಟೇ 1616ರಿಂದ ಎರವಲು ಪಡೆಯುತ್ತೇವೆ. ಉಳಿದಿರುವ ಜಗಳ ಒಂದೇ. ಫೌಸ್ಟಸ್ ಈ ಚೇಷ್ಟೆಗಳನ್ನೆಲ್ಲ ಮಾಡುವಾಗ ಪಕ್ಕದಲ್ಲಿ ನಿಂತ ಮೆಫಿಸ್ಟೋಫಿಲಿಸ್ ನಗಬೇಕೆ, ಬೇಡವೇ? ಪಾತ್ರಧಾರಿ ನಗುತ್ತೇನೆಂದು ಹಟ ಹಿಡಿದಿದ್ದಾನೆ.

ವಿರಾಜಪೇಟೆ ಮೇಷ್ಟ್ರು:
ನಗಕೂಡದು. ಅವನು ಸ್ವರ್ಗವನ್ನು ಕಂಡು ಕಳೆದುಕೊಂಡವನು, ಅವನಿಗೆ ಇದರಲ್ಲಿ ತಮಾಷೆ ಏನೂ ಇಲ್ಲ.

ಗೋಣಿಕೊಪ್ಪಲು ಹಿರಿಯ:
ನಗಬೇಕು ಮೇಷ್ಟ್ರೇ, ಯಜಮಾನ ನಕ್ಕಾಗ ಆಳು ನಗುವಂತೆ ನಗಬೇಕು. 24 ವರ್ಷ ಅವನ ನೌಕರಿಯೇ ಅದು.

ಸುಂಟಿಕೊಪ್ಪದವ:
ಟಿಕೆಟ್ ಎಷ್ಟು ಎಂದು ಯಾರೂ ಹೇಳಲಿಲ್ಲ.